ಇರುವೆಯ ಸಾಕ್ಷಿ

“ಇರಿವಿ ಸುಳ್ಳ ಹೇಳ್ತಾವೇನ ರಂಡಿ? ನೋಡು, ಕಣ್ಣ ತಗದು ನೋಡು!”

ಇನಾಮದಾರ ಪಾಂಡುರಂಗರಾಯ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ. ಅವನ ಆಳು ಹುಲೆಪ್ಪ ಬಾರಕೋಲಿನ ಹಿಡಿಕೆಯಿಂದ ನನ್ನ ಮಗಳು ಕರೆವ್ವನ ಕತ್ತನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ಅವಳ ಮೂಗಿನ ಮುಂದೆ, ಬೇಲಿಯ ಬುಡದಲ್ಲಿ ಅವಳು ಉಚ್ಚೆ ಹೊಯ್ದ ಜಾಗಕ್ಕೆ ಕೆಂಪಿರುವೆ ಮುತ್ತಿದ್ದವು.

ಮುಧೋಳ ಸಂಸ್ಥಾನದ ಆ ಹಳ್ಳಿಯಲ್ಲಿ, ಇನಾಮದಾರನ ಬೆಲ್ಲದ ಗಾಣಕ್ಕೆ ಕಬ್ಬಿನ ಒಣ ಗರಿ, ರವದಿ ತುಂಬಿ ಉರಿ ಹಾಕುವವರು ನಾವು, ತಾಯಿ ಮಗಳು. ಒಲೆಬಾಯಿ ನಮ್ಮದು, ಕೊಪ್ಪರಿಗೆ ಅವರದು. ಉರಿಗೆ ಜಾತಿಯಿಲ್ಲ, ಬೆಲ್ಲಕ್ಕಿದೆ. ಅವತ್ತು ಪಾಕ ಹಿಡಿಯಲಿಲ್ಲ. ಅಚ್ಚಿಗೆ ಹೊಯ್ದ ಬೆಲ್ಲ ಸಗಣಿಯ ಹಾಗೆ ಮೆತ್ತಗೆ ಕೂತಿತು. ಪಾಕ ಕಾಯುವ ಗುರಪ್ಪನಿಗೆ ತನ್ನ ಬೆನ್ನು ಉಳಿಸಿಕೊಳ್ಳಬೇಕಿತ್ತು.

“ನನ್ನ ಕೈ ತಪ್ಪಿಲ್ರೀ ಧಣೀ. ಈ ಹುಡುಗಿ ಕೊಪ್ಪರಿಗ್ಯಾನ ಸಿಹಿ ಎಳಕೊಳ್ಳಾಕತ್ತಾಳ. ಬೇಕಾದ್ರ ಆಕಿ ಕುಂತೆದ್ದ ಜಾಗಾ ನೋಡ್ರಿ,” ಅಂದಿದ್ದ.

ನಾನು ಕೈ ಮುಗಿದೆ. “ಅದು ಬ್ಯಾನಿರೀ ಯಪ್ಪಾ. ಪ್ಯಾಟಿ ಡಾಕ್ಟರು ಸಕ್ಕರಿ ರೋಗ ಅಂದಾರ್ರಿ. ನೀರು ಮಾತ್ರ ಕಡಿಮಿ ಮಾಡಬ್ಯಾಡ ಅಂದಾರ್ರಿ.”

ರಾಯ ಹೊಟ್ಟೆ ಕುಣಿಸಿ ನಕ್ಕ. “ಸಕ್ಕರಿ ರೋಗ! ಅದು ನಮ್ಮಪ್ಪಗ ಇತ್ತಬೇ, ತುಪ್ಪ ಹೋಳಗಿ ಉಂಡು ಬಂದದ್ದು. ಹದಿನೈದು ವರ್ಷದ ಕೇರಿ ಹುಡುಗಿಗೆ ಅಂಬಲಿ ಕುಡದು ಬಂತೇನ? ಕಬ್ಬಿನ ಹಾಲು ಕದ್ದು ಕುಡದಾಳ. ಕಟ್ರಲೇ ಕಂಬಕ್ಕ!”

ಕಟ್ಟುವವರು ಯಾರು? ನಮ್ಮನ್ನು ಮುಟ್ಟಿದರೆ ಅವರಿಗೆ ಮೈಲಿಗೆ. ಬಾರಕೋಲಿಗೆ ಮಾತ್ರ ಮೈಲಿಗೆಯಿಲ್ಲ. ಹಗ್ಗವನ್ನು ನನ್ನ ಮುಂದೆ ಎಸೆದರು. ಆಗಲ್ಲ ಅಂದೆ. ಹುಲೆಪ್ಪ ಮಗಳ ಬೆನ್ನಿಗೆ ಬಾರಿಸಿದ. ಮತ್ತೆ ಆಗಲ್ಲ ಅಂದೆ. ಮತ್ತೆ ಬಾರಿಸಿದ, ಕುಪ್ಪಸ ಹರಿದು ರಕ್ತ ಒಸರಿತು.

“ಕಟ್ಟಬೇ ಯವ್ವಾ, ಕಟ್ಟು,” ಅಂದಳು ಕರೆವ್ವ. ಎತ್ತಿ ಆಡಿಸಿದ ಕೈಯಿಂದಲೇ ಅವಳನ್ನು ಕಂಬಕ್ಕೆ ಕಟ್ಟಿದೆ.

“ಕುಡದದ್ದೆಲ್ಲಾ ಹೊರಗ ಬರೂತನಕ ಒಂದ ಹನಿ ನೀರು ಹಾಕಬ್ಯಾಡ್ರಿ,” ಎಂದು ರಾಯ ನೆರಳಿಗೆ ಹೋದ.

ನಮಗೆ ನೀರು ಅಂದರೆ ಯಾರಾದರೂ ಮೇಲಿಂದ ಹೊಯ್ಯಬೇಕು, ನಾವು ಬೊಗಸೆ ಹಿಡಿಯಬೇಕು. ಬೊಗಸೆ ಹಿಡಿದು ಗುರಪ್ಪನ ಮುಂದೆ ನಿಂತೆ. ಕೊಪ್ಪರಿಗೆಯ ಕಡೆ ತಿರುಗಿದ. ಹುಲೆಪ್ಪನ ಮುಂದೆ ನಿಂತೆ. “ನನಗೂ ಹೆಂಡ್ರು ಮಕ್ಕಳದಾರ, ಹೋಗಬೇ,” ಅಂದ. ನಮ್ಮ ಕಣ್ಣೆದುರೇ ಎತ್ತುಗಳಿಗೆ ನೀರು ಕುಡಿಸಿದರು.

ಬಿಸಿಲು ನೆತ್ತಿಗೆ ಬಂತು. ಕರೆವ್ವನ ಎದೆ ತಿದಿಯಂತೆ ಏರಿಳಿಯತೊಡಗಿತು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ನಾಲಿಗೆ ಅಂಗುಳಕ್ಕೆ ಅಂಟಿ ಮಾತೇ ಹೊರಡಲಿಲ್ಲ. ಕಣ್ಣು ಮಾತ್ರ ಗಾಣದ ಪಕ್ಕದ ಬಾವಿಯ ಕಡೆ ಇತ್ತು.

ಕಬ್ಬು ಸವರುವ ಕುಡುಗೋಲು ಕೈಗೆ ಸಿಕ್ಕಿತು. ಹಗ್ಗ ಕೊಯ್ದೆ. ಹುಲೆಪ್ಪ ಓಡಿಬಂದು ನನ್ನ ಮುಖಕ್ಕೆ ಬಾರಕೋಲು ಬೀಸಿದ. ಒಂದು ಕಣ್ಣು ಕತ್ತಲಾಯಿತು. ಇನ್ನೊಂದು ಕಣ್ಣಿಗೆ ಕಂಡ ಅವನ ಕೈಗೆ ಕುಡುಗೋಲು ಹಾಕಿದೆ. ಬೆರಳುಗಳು ರವದಿಯ ಮೇಲೆ ಬಿದ್ದವು. ಅವನು ಅರಚುತ್ತಿರುವಾಗಲೇ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾವಿಯ ಮೆಟ್ಟಿಲಿಳಿದೆ. ನಮ್ಮವರು ಯಾರೂ ಎಂದೂ ಆ ಮೆಟ್ಟಿಲು ತುಳಿದವರಲ್ಲ. ಅವಳನ್ನು ಮೆಟ್ಟಿಲಿಗೆ ಒರಗಿಸಿ, ಸೊಂಟಮಟ್ಟದ ನೀರಿನಲ್ಲಿ ನಿಂತು ಅವಳ ಬಾಯಿಗೆ ಬೊಗಸೆ ಹಿಡಿದೆ.

“ಬಾವಿ ಕೆಡಿಸಿದಳಲೋ! ದೇವರ ನೀರಲೋ! ಹಾಕ್ರಲೇ ಕಲ್ಲು!” ರಾಯನ ಗಂಟಲು ಒಡೆದುಹೋಗಿತ್ತು.

ಮೊದಲ ಕಲ್ಲು ನೀರಿಗೆ ಬಿತ್ತು. ಇನ್ನೊಂದು ನನ್ನ ಭುಜ ಮುರಿಯಿತು. ಗುರಪ್ಪ ಎಸೆದದ್ದು ತಲೆಗೆ ಬಿತ್ತು, ರಕ್ತ ನೀರಿಗಿಳಿಯಿತು. ಬೆನ್ನು ಮೇಲೆ ಮಾಡಿ ಮಗಳ ಮೇಲೆ ಬಾಗಿದೆ. ಅವಳು ಗಟಗಟ ಕುಡಿಯುತ್ತಿದ್ದಳು. ಎಷ್ಟು ಕುಡಿದರೂ ತೀರದ ದಾಹ.

“ಇನ್ನಾ ಬೇಕವ್ವಾ.”

“ಕುಡಿ ಮಗಳ. ಬಾವಿ ತುಂಬ ಐತಿ.”

ಮೇಲೆ ಹಾಸುಗಲ್ಲನ್ನು ಬಾವಿಯ ಅಂಚಿಗೆ ಎಳೆಯುವ ಸದ್ದು ಕೇಳುತ್ತಿತ್ತು. ಉಳಿದ ಒಂದು ಕೈಯಲ್ಲಿ ಇನ್ನಷ್ಟು ನೀರು ಮೊಗೆದು ಅವಳ ಬಾಯಿಗೆ ಹಿಡಿದೆ.