ಅವಸರದ ಆಮೆಯ ಗಂಟಲು

ಆಮೆಗೆ ಅವಸರ ಎಂದರೆ ನಗು ಬರುತ್ತದೆ ತಾನೇ? ಬರಲೇಬೇಕು. ಆ ನಗುವನ್ನೇ ನಂಬಿಕೊಂಡು ಹದಿಮೂರು ಕಂತುಗಳ ಕಾರ್ಟೂನೊಂದು ಹುಟ್ಟಿತ್ತು. ಬೀದಿಗೊಂದು ಟಿವಿ ಇದ್ದರೆ ಹೆಚ್ಚು ಎನ್ನುವ ಕಾಲ ಅದು. ‘ಅವಸರದ ಆಮೆ’ ಶುರುವಾಯಿತೆಂದರೆ ಸಾಕು, ಆಡುತ್ತಿದ್ದ ಮಕ್ಕಳು ಚೆಂಡನ್ನು ಬಿದ್ದಲ್ಲೇ ಬಿಟ್ಟು ಟಿವಿ ಇದ್ದವರ ಮನೆಗೆ ದೌಡಾಯಿಸುತ್ತಿದ್ದರು. ಆಮೆಯ ಕೈಯಲ್ಲೊಂದು ಚೀಲ, ಕತ್ತಿಗೊಂದು ಮಫ್ಲರು, ಬಾಯಲ್ಲಿ ಸದಾ “ಸರೀರಿ, ಸರೀರಿ, ಹೊತ್ತಾಯ್ತು!” ಹೆಜ್ಜೆ ಮಾತ್ರ ಆಮೆಯದೇ. ಆ ಆಮೆಗೆ ದನಿ ಕೊಟ್ಟವಳು ದೊಡ್ಡಮ್ಮ.

ಯಾರ ದೊಡ್ಡಮ್ಮ ಎಂದರೆ, ಧೂಳಕ್ಕನ ದೊಡ್ಡಮ್ಮ. ಧೂಳಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸ ಅಂಟಿಸಿದ ಹೆಸರು. ಹಳೆಯ ಟಿವಿ ಕಾರ್ಯಕ್ರಮಗಳ ಫಿಲ್ಮನ್ನು ಹುಡುಕಿ ತಂದು, ಕಂಪ್ಯೂಟರಿಗೇರಿಸಿ, ಚೊಕ್ಕ ಮಾಡಿ, ಡಿವಿಡಿ ಪೆಟ್ಟಿಗೆಯಾಗಿ ಮಾರುವ ಸಣ್ಣ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಚಿತ್ರದ ಮೇಲಿನ ಗೀರು, ಕೂದಲೆಳೆ, ಬೆರಳಚ್ಚು, ಧೂಳು ಎಲ್ಲವನ್ನೂ ಒಂದೊಂದಾಗಿ ಒರೆಸುವವಳು. ಎಂಥಾ ಕಣ್ಣು ಅಂತೀರಿ! ಮದುವೆ ಮನೆಗೆ ಹೋದರೂ ವಧುವಿನ ಮುಖ ಬಿಟ್ಟು ಫೋಟೋದವನ ಲೆನ್ಸಿನ ಮೇಲಿನ ಕಲೆ ನೋಡಿ ಬರುವವಳು.

ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ದೊಡ್ಡಮ್ಮನೇ. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಇಬ್ಬರದೇ ಸಂಸಾರ. ದೊಡ್ಡಮ್ಮನ ಗಂಟಲಲ್ಲಿ ಗಡ್ಡೆಯಾಗಿ, ಡಾಕ್ಟರು ಕತ್ತಿ ಹಾಕಿ ಜೀವ ಉಳಿಸಿದರು, ದನಿ ಉಳಿಸಲಿಲ್ಲ. ಈಗ ಉಳಿದಿರುವುದು ಬರೀ ಗಾಳಿ. ಆದರೆ ಕೋಪಕ್ಕೇನೂ ಕತ್ತಿ ಬಿದ್ದಿರಲಿಲ್ಲ ನೋಡಿ, ಅದು ಮೊದಲಿನ ಹಾಗೆಯೇ ಮೂಗಿನ ತುದಿಯಲ್ಲಿತ್ತು. ಚಪ್ಪಾಳೆ ತಟ್ಟಿ ಕರೆಯುವುದು, ಸೌಟಿನಿಂದ ಪಾತ್ರೆ ಬಡಿದು ಬೈಯುವುದು, ತೀರ ಬೇಕಾದಾಗ ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಪಿಸುಗುಟ್ಟುವುದು. ಪಿಸುಮಾತಿನಲ್ಲಿ ಬೈಸಿಕೊಳ್ಳುವುದು ಎಷ್ಟು ಕಷ್ಟ ಎಂದು ಧೂಳಕ್ಕನನ್ನು ಕೇಳಬೇಕು.

ಇಂಥ ಹೊತ್ತಿನಲ್ಲಿ ಕಂಪನಿಗೆ ‘ಅವಸರದ ಆಮೆ’ಯ ಡಬ್ಬಿಗಳು ಬಂದವು. ಧೂಳಕ್ಕನಿಗಾದ ಖುಷಿಗೆ ನೆಲ ಸಿಗಲಿಲ್ಲ. ಆ ಕಾಲದಲ್ಲಿ ಚಿತ್ರದ ಸುರುಳಿ ಒಂದು ಡಬ್ಬಿಯಲ್ಲಿ, ದನಿಯ ಸುರುಳಿ ಇನ್ನೊಂದು ಡಬ್ಬಿಯಲ್ಲಿ ಇಡುತ್ತಿದ್ದರು. ಹನ್ನೆರಡು ಕಂತುಗಳ ದನಿ ಚೆನ್ನಾಗಿಯೇ ಇತ್ತು. ಆಮೆ ರೈಲು ಹಿಡಿಯಲು ಹೊರಡುವ ಕಂತಿನ ದನಿಯ ಡಬ್ಬಿ ಬಿಚ್ಚಿದರೆ ಮಾತ್ರ ಕೋಣೆಯೆಲ್ಲ ಹುಳಿ ವಾಸನೆ. ಕೆಟ್ಟ ಫಿಲ್ಮಿನ ವಾಸನೆ ಅದು. ಸುರುಳಿ ಬಿಚ್ಚುವುದಿರಲಿ, ಹಳೇ ಸೋಪಿನ ಹಾಗೆ ಒಂದೇ ಮುದ್ದೆಯಾಗಿ ಕೂತಿತ್ತು. ಚಿತ್ರ ಇದೆ, ಆಮೆ ಬಾಯಿ ಆಡಿಸುತ್ತದೆ, ಮಾತಿಲ್ಲ.

ಯಜಮಾನರು ಡಬ್ಬಿಯೊಳಗೆ ಇಣುಕಿ, ಮೂಗು ಮುಚ್ಚಿಕೊಂಡು, ತಮ್ಮ ತೀರ್ಮಾನ ಹೇಳಿದರು. “ಒಂದೇ ಆಮೆಗೆ ಎರಡು ಗಂಟಲು ಇರೋಕಾಗುತ್ತೇನಮ್ಮಾ? ಹೊಸ ಹುಡುಗಿ ಒಬ್ಬಳಿದ್ದಾಳೆ, ಚೆನ್ನಾಗಿ ಮಾಡ್ತಾಳೆ. ಹದಿಮೂರಕ್ಕೂ ಅವಳ ದನೀನೇ ಹಾಕಿಸಿಬಿಡೋಣ.”

“ಸಾರ್, ರೈಲಿನ ಕಂತು ಒಂದನ್ನ ಬಿಟ್ಟುಬಿಡೋಣ.”

“ಜನಕ್ಕೆ ನೆನಪಿರೋದೇ ರೈಲು. ಪೆಟ್ಟಿಗೆ ಮೇಲಿನ ಚಿತ್ರಾನೂ ಅದೇ. ಮದುಮಗನ್ನ ಮನೇಲಿ ಬಿಟ್ಟು ಮದುವೆಗೆ ಹೊರಟ ಹಾಗಾಗುತ್ತೆ.”

ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡರು ಎನ್ನುತ್ತಾರಲ್ಲ, ಅದು ಇದೇ. ಒಂದು ಕಂತಿನ ದನಿ ಹೋಗಿದ್ದಕ್ಕೆ ಹನ್ನೆರಡು ಕಂತಿನ ದನಿಯನ್ನೂ ಅಳಿಸುವುದು! ಆದರೂ ಯಜಮಾನರು ಕೆಟ್ಟವರಲ್ಲ. ಧೂಳಕ್ಕನ ಮುಖ ನೋಡಿ, “ತಿಂಗಳ ಕೊನೇವರೆಗೆ ಹುಡುಕು. ಸಿಕ್ಕಿದರೆ ನಿನ್ನ ದೊಡ್ಡಮ್ಮನ ದನಿ, ಇಲ್ಲದಿದ್ದರೆ ಹೊಸ ಹುಡುಗಿ” ಎಂದರು.

ಸುದ್ದಿ ಕೇಳಿ ದೊಡ್ಡಮ್ಮ ಭುಜ ಕುಣಿಸಿದಳು. “ಯಾರ ಗಂಟಲಾದ್ರೇನು, ಆಮೆ ಮಾತಾಡಿದ್ರೆ ಸರಿ” ಎಂದು ಪಿಸುಗುಟ್ಟಿ ಪಾತ್ರೆ ತೊಳೆಯಲು ಹೋದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಆಮೇಲೆ ಒದ್ದೆ ಕೈಯಲ್ಲೇ ಬಂದು ತಂಗಿಯ ಮಗಳ ಪಕ್ಕ ಕೂತಳು.

“ಸುಳ್ಳು ಹೇಳಿದೆ ಕಣೇ,” ಎಂದಳು. “ಇದ್ದಿದ್ದೇ ಒಂದು ದನಿ. ನನ್ನ ಹತ್ರ ಅಂತೂ ಇಲ್ಲ. ಆ ಡಬ್ಬಿಗಳಲ್ಲಾದ್ರೂ ಇದೆಯಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಅದನ್ನೂ ಅಳಿಸಿದ್ರೆ ನಾನು ಮಾತಾಡಿದ್ದೆ ಅನ್ನೋದಕ್ಕೆ ಏನುಳಿಯುತ್ತೆ?”

ಧೂಳಕ್ಕನಿಗೆ ಗಂಟಲು ಕಟ್ಟಿತು. ಒಂದು ಮನೆಯಲ್ಲಿ ಎಷ್ಟು ಗಂಟಲು ಕಟ್ಟಬೇಕು, ನೀವೇ ಹೇಳಿ.

ಆ ಕಾಲದಲ್ಲಿ ಟಿವಿಯ ಕಾರ್ಯಕ್ರಮವನ್ನು ಮನೆಯಲ್ಲಿ ಹಿಡಿದಿಡುವ ಯಂತ್ರ ಯಾರ ಬಳಿಯೂ ಇರಲಿಲ್ಲ. ಆದರೆ ಹಾಡು ಕೇಳುವ ಟೇಪ್ ರೆಕಾರ್ಡರು ಎಷ್ಟೋ ಮನೆಗಳಲ್ಲಿತ್ತು. ಅದನ್ನು ಟಿವಿಯ ಮುಂದೆ ಸ್ಟೂಲಿನ ಮೇಲಿಟ್ಟು ಗುಂಡಿ ಒತ್ತಿದವರು ಯಾರಾದರೂ ಇದ್ದೇ ಇರಬೇಕು ಎಂದು ಧೂಳಕ್ಕನಿಗೆ ಹೊಳೆಯಿತು. ಗ್ರಂಥಾಲಯದಲ್ಲಿ, ಬಸ್ ನಿಲ್ದಾಣದಲ್ಲಿ, ಕ್ಯಾಸೆಟ್ ಅಂಗಡಿಗಳಲ್ಲಿ ಚೀಟಿ ಅಂಟಿಸಿ ಬಂದಳು. ‘ಅವಸರದ ಆಮೆ ರೈಲು ಹಿಡಿದ ಕ್ಯಾಸೆಟ್ಟು ಇದ್ದರೆ ದಯವಿಟ್ಟು ಕೊಡಿ.’

ಕ್ಯಾಸೆಟ್ಟುಗಳಿಗೇನು ಬರವಿರಲಿಲ್ಲ. ಒಂದರಲ್ಲಿ ಯಾರದೋ ಮಾವನ ಭಾಷಣ, ಒಂದರಲ್ಲಿ ನಾಯಿ ಬೊಗಳಿದ್ದು, ಮತ್ತೊಂದರಲ್ಲಿ ಎರಡೂ. ಒಬ್ಬಾಕೆ ತನ್ನ ಗಂಡನ ಗೊರಕೆಯನ್ನು ಸಾಕ್ಷಿಗೆಂದು ಹಿಡಿದಿಟ್ಟಿದ್ದ ಕ್ಯಾಸೆಟ್ಟನ್ನೇ ತಪ್ಪಿ ಕೊಟ್ಟುಹೋಗಿದ್ದಳು. ಅದನ್ನು ಪೂರ್ತಿ ಕೇಳಿದ ಮೇಲೆಯೇ ಧೂಳಕ್ಕನಿಗೆ ಅದು ರೈಲಲ್ಲ ಎಂದು ಖಾತ್ರಿಯಾದದ್ದು.

ತಿಂಗಳು ಮುಗಿಯುತ್ತ ಬಂದಿದ್ದಾಗ ಬೀಗ ರಿಪೇರಿ ಮಾಡುವವರೊಬ್ಬರು ಅಂಗಿಯ ಜೇಬಿನಲ್ಲಿ ಕ್ಯಾಸೆಟ್ಟು ಇಟ್ಟುಕೊಂಡು ಬಂದರು. ನಲವತ್ತು ದಾಟಿದ ವಯಸ್ಸು, ಕೈಗೆ ಎಣ್ಣೆ ಮೆತ್ತಿಕೊಂಡಿತ್ತು.

“ಇದರಲ್ಲಿ ಆಮೆ ಇದೆ ಮೇಡಂ,” ಎಂದರು. “ಆದರೆ ನನ್ನ ತಂಗೀನೂ ಇದ್ದಾಳೆ. ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತಿರಬೇಕು ಅಂತ ಅಪ್ಪ ಗದರಿಸಿ ಗುಂಡಿ ಒತ್ತಿದ್ರು. ಇವಳ ಕೈಲಿ ತಡೆಯೋಕಾಗಲಿಲ್ಲ. ನಕ್ಕಳು ನೋಡಿ, ಆಮೇಲೆ ನಾವೂ ಶುರು ಮಾಡಿದ್ವಿ.”

“ಈಗ ಅವರು ಎಲ್ಲಿದ್ದಾರೆ?”

“ಹೆಡ್ ಮಿಸ್ಟ್ರೆಸ್ಸು. ಈಗ ನಗೋದೇ ಇಲ್ಲ. ಕ್ಯಾಸೆಟ್ಟು ಕೊಡಲಾ ಅಂತ ಕೇಳಿದ್ದಕ್ಕೆ, ಕೊಡು, ಆದ್ರೆ ನನ್ನ ಶಾಲೇಲಿ ಯಾರಿಗೂ ಹೇಳಬೇಡ ಅಂದಳು.”

ಕ್ಯಾಸೆಟ್ಟು ಹಾಕಿದರೆ ದನಿ ಬಂತು. ದೊಡ್ಡಮ್ಮನ ದನಿ! ಸಣ್ಣದು, ಚೂಪಾದದ್ದು, ಏದುಸಿರು ಬಿಡುತ್ತಲೇ ಜಂಬ ಕೊಚ್ಚುವಂಥದ್ದು. ಧೂಳಕ್ಕ ಬೀಗದವರ ಎಣ್ಣೆಗೈಯನ್ನೇ ಹಿಡಿದು ಕುಲುಕಿದಳು.

ಇನ್ನೇನು, ಧೂಳು ಒರೆಸುವುದು ನನ್ನ ಕಸುಬು, ಮಕ್ಕಳ ನಗು ಯಾವ ಲೆಕ್ಕ ಎಂದುಕೊಂಡಳು. ಅಲ್ಲೇ ಎಡವಿದ್ದು. ಗದ್ದಲ ತೆಗೆಯುವ ಯಂತ್ರಕ್ಕೆ ನಗುವಿನ ಒಂದು ತುಣುಕು ಕೇಳಿಸಿ, ಇಂಥದ್ದೆಲ್ಲ ತೆಗೆ ಎಂದು ಹೇಳಿದಳು. ಯಂತ್ರ ವಿಧೇಯವಾಗಿ ತೆಗೆಯಿತು. ಸ್ಟೇಷನ್ ಮಾಸ್ತರರ ದಪ್ಪ ದನಿ ಉಳಿಯಿತು, ಸೀಟಿ ಉಳಿಯಿತು, ಆಮೆ ಮಾತ್ರ ಮಂಗಮಾಯ. ದೊಡ್ಡಮ್ಮ ಆಮೆಗೆಂದು ಮಾಡಿದ ದನಿ ಮಕ್ಕಳ ದನಿಯ ಎತ್ತರಕ್ಕೇ ಇತ್ತು. ಯಂತ್ರಕ್ಕೆ ಮಗುವಿನ ನಗು ಯಾವುದು, ಆಮೆಯ ಮಾತು ಯಾವುದು ಎಂದು ಹೇಗೆ ಗೊತ್ತಾಗಬೇಕು? ಕಸದ ಜೊತೆ ದೊಡ್ಡಮ್ಮನನ್ನೂ ಗುಡಿಸಿ ಆಚೆ ಹಾಕಿತ್ತು.

ಹಗುರವಾಗಿ ಒರೆಸಿ ನೋಡಿದಳು, ತುಂಡು ತುಂಡಾಗಿ ಒರೆಸಿ ನೋಡಿದಳು. ನಗು ಹೋದರೆ ಆಮೆ ಹೋಗುತ್ತಿತ್ತು, ಆಮೆ ಉಳಿದರೆ ನಗು ಉಳಿಯುತ್ತಿತ್ತು. ಎರಡು ದಿನ ಪಟ್ಟು ಹಿಡಿದು ಕೂತು, ಕೊನೆಗೆ ತಲೆ ಮೇಲೆ ಕೈ ಹೊತ್ತಳು. ಇಷ್ಟು ವರ್ಷ ಊರ ಧೂಳೆಲ್ಲ ಒರೆಸಿದವಳಿಗೆ ಸ್ವಂತ ದೊಡ್ಡಮ್ಮನನ್ನು ಉಳಿಸಿಕೊಳ್ಳಲು ಆಗಲಿಲ್ಲವಲ್ಲ ಎಂದು ಅಳು ಬಂತು, ಅತ್ತಳು. ಅತ್ತು ಮುಗಿದ ಮೇಲೆ ಮನೆಗೆ ಹೋಗಿ ದೊಡ್ಡಮ್ಮನನ್ನು ಕರೆದುಕೊಂಡು ಬಂದಳು. ಅಳಿಸಿಹೋಗುವುದಾದರೆ ಅದಕ್ಕೆ ಮೊದಲು ಒಮ್ಮೆಯಾದರೂ ಅವಳು ಕೇಳಲಿ ಎನ್ನುವುದು ಅವಳ ಆಸೆ.

ದೊಡ್ಡಮ್ಮ ಹೆಡ್‌ಫೋನ್ ಹಾಕಿಕೊಂಡು ಪರದೆಯ ಮುಂದೆ ಕೂತಳು. ಆಮೆ ಏದುಸಿರು ಬಿಡುತ್ತ ಸ್ಟೇಷನ್ನಿಗೆ ಬರುತ್ತದೆ. ಕಂಬಿಯ ಮೇಲೆ ರೈಲಿಲ್ಲ. ‘ರೈಲು ಹೋಗಿ ಎಷ್ಟು ಹೊತ್ತಾಯ್ತಪ್ಪಾ, ತಡವಾಗಿ ಬಂದೆ’ ಎನ್ನುತ್ತಾರೆ ಸ್ಟೇಷನ್ ಮಾಸ್ತರರು. ಆಮೆ ಮಫ್ಲರು ಸರಿಮಾಡಿಕೊಳ್ಳುತ್ತದೆ. ‘ತಡ ಎಲ್ಲಿ ಸ್ವಾಮೀ? ನಾಳೆ ರೈಲಿಗೆ ಎಲ್ಲರಿಗಿಂತ ಮೊದಲು ಬಂದವನು ನಾನೇ!’

ದೊಡ್ಡಮ್ಮ ಬೆಚ್ಚಿಬಿದ್ದು ಹೆಡ್‌ಫೋನ್ ಕಿತ್ತಳು. “ಯಾರದು?”

“ಒಂದು ಮಗು, ದೊಡ್ಡಮ್ಮ. ಟಿವಿ ನೋಡ್ತಾ ಇದ್ದಿದ್ದು.”

“ಯಾಕೆ ನಗ್ತಿದೆ?”

“ಇದೇನು ಪ್ರಶ್ನೆ? ನಿನ್ನ ಮಾತಿಗೆ!”

ದೊಡ್ಡಮ್ಮ ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ದನಿ ಹಿಡಿಯುತ್ತಿದ್ದ ಕೋಣೆಗೆ ಸುತ್ತಲೂ ದಪ್ಪ ಬಟ್ಟೆ ಹೊದಿಸಿದ್ದರಂತೆ. ಅವಳೊಬ್ಬಳು, ಒಂದು ಮೈಕು, ಗಾಜಿನಾಚೆ ಆಕಳಿಸುವ ಒಬ್ಬ ರೆಕಾರ್ಡಿಂಗಿನವನು. ಎಂಥ ತಮಾಷೆ ಹೇಳಿದರೂ ಅಲ್ಲಿ ಪಿಟ್ಟೆನ್ನುವವರಿಲ್ಲ. ಟಿವಿಯಲ್ಲಿ ಬರುವ ಹೊತ್ತಿಗೆ ಅವಳು ಇನ್ನೊಂದು ಕೆಲಸದಲ್ಲಿ ಮೈಕಿನ ಮುಂದಿರುತ್ತಿದ್ದಳು. ಚೆನ್ನಾಗಿತ್ತು ಎಂದು ದೊಡ್ಡವರು ಹೇಳುತ್ತಿದ್ದರು, ದೊಡ್ಡವರು ಏನನ್ನು ತಾನೇ ಚೆನ್ನಾಗಿಲ್ಲ ಎನ್ನುತ್ತಾರೆ? “ಮಗು ನಕ್ಕಿದ್ದು ಇದೇ ಮೊದಲು ಕೇಳ್ತಿರೋದು,” ಎಂದಳು. “ಇನ್ನೊಂದು ಸಲ ಹಾಕು.”

ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. ಧೂಳಕ್ಕ ಅದನ್ನು ಸ್ಪೀಕರಿನಲ್ಲಿ ಹಾಕಿದಳು. ಆಮೆ ಮಾತಾಡಿತು, ಹೆಡ್ ಮಿಸ್ಟ್ರೆಸ್ಸಾಗಬೇಕಾಗಿದ್ದ ಆ ಪುಟಾಣಿ ಕಿಸಕ್ಕನೆ ನಕ್ಕಿತು, “ಶ್!” ಎಂದರು ಯಾರೋ, ತಡೆದಷ್ಟೂ ನಗು ಉಕ್ಕಿತು, ಕಡೆಗೆ ಶ್ ಎಂದವರೂ ನಕ್ಕರು. ಯಜಮಾನರೂ ನಕ್ಕರು. ನಕ್ಕಮೇಲೆ, ತಾವು ಯಜಮಾನರು ಎನ್ನುವುದು ನೆನಪಾಯಿತು.

“ಚೆನ್ನಾಗಿದೆ. ಆದರೆ ಮಾರೋ ಡಿವಿಡೀಲಿ ಯಾರದೋ ಮನೆ ಗಲಾಟೆ ಇಡೋಕಾಗುತ್ತಾ? ಇದನ್ನ ಒರೆಸೋಕಾಗಲ್ವಾ?”

“ಆಗಲ್ಲ ಸಾರ್. ಆಗಿದ್ರೂ ಈಗ ಒರೆಸ್ತಿರಲಿಲ್ಲ,” ಎಂದಳು ಧೂಳಕ್ಕ. “ಯಾವುದು ಧೂಳು ಯಾವುದಲ್ಲ ಅಂತ ಹೇಳೋಕೇ ನನ್ನ ಇಟ್ಕೊಂಡಿದೀರಿ. ಇದು ಧೂಳಲ್ಲ ಸಾರ್. ಈ ಕಾರ್ಟೂನು ಮಾಡಿದ್ದೇ ಈ ನಗು ಬರಲಿ ಅಂತ. ಬಂದಿದೆ. ನೀವೂ ನಕ್ಕಿರಿ, ನಾನು ನೋಡಿದೆ.”

ಯಜಮಾನರು ಕೆನ್ನೆ ಕೆರೆದುಕೊಂಡರು. “ನಕ್ಕೆ, ಇಲ್ಲ ಅನ್ನಲ್ಲ. ಆದರೆ ಆಮೆ ಆಮೇಲೂ ಏನೋ ಅನ್ನುತ್ತಲ್ಲ, ಆ ನಗೂಲಿ ಅದು ಕೇಳಿಸೋದೇ ಇಲ್ಲ.”

“ಅದನ್ನ ಅಕ್ಷರದಲ್ಲಿ ಕೆಳಗೆ ಹಾಕೋಣ.”

“ಏನಂತ ಹಾಕ್ತೀಯಾ? ಆಮೆ ಏನಂದಿತು ಅಂತ ಯಾರಿಗೆ ಗೊತ್ತು?”

ದೊಡ್ಡಮ್ಮ ಚಪ್ಪಾಳೆ ತಟ್ಟಿದಳು. ಇಬ್ಬರೂ ತಿರುಗಿದರು. ಅವಳು ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಮಫ್ಲರನ್ನು ಸರಿಪಡಿಸಿಕೊಂಡು, ಉಳಿದಿದ್ದ ಗಾಳಿಯಲ್ಲೇ ಹೇಳಿದಳು. “ಆ ರೈಲಿಗೆ ಸ್ವಲ್ಪ ಬುದ್ಧಿ ಹೇಳಿ ಸ್ವಾಮೀ. ಇಷ್ಟು ಅವಸರ ಒಳ್ಳೇದಲ್ಲ!”

ಯಜಮಾನರು ಮೇಜು ಹಿಡಿದುಕೊಂಡು ನಕ್ಕರು. ಈ ಸಲ ಯಜಮಾನರು ಎನ್ನುವುದು ಬೇಗ ನೆನಪಾಗಲಿಲ್ಲ. ಕಣ್ಣೊರೆಸಿಕೊಂಡು, “ಆಯ್ತಮ್ಮಾ, ಆಯ್ತು. ಹೊಸ ಹುಡುಗಿಗೆ ಬೇರೆ ಕೆಲಸ ಕೊಡ್ತೀನಿ. ಹದಿಮೂರಕ್ಕೂ ನಿಮ್ಮ ದನೀನೇ ಇರಲಿ. ನಗೂನೂ ಇರಲಿ” ಎಂದರು.

ಧೂಳಕ್ಕ ಕುಣಿಯುವುದೊಂದು ಬಾಕಿ. “ಕೇಳಿಸ್ತಾ ದೊಡ್ಡಮ್ಮ? ಗೆದ್ದೆವು!” ಎಂದು ತಿರುಗಿದರೆ, ದೊಡ್ಡಮ್ಮ ಮತ್ತೆ ಹೆಡ್‌ಫೋನ್ ಏರಿಸಿಕೊಂಡು ಅದೇ ಜಾಗವನ್ನು ಕೇಳುತ್ತಿದ್ದಳು. ಹುಬ್ಬು ಗಂಟಾಗಿತ್ತು. ಒಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು, ಆಮೇಲೆ ಮೇಜಿನ ಮೇಲೆ ಫಟ್ಟನೆ ಕೈ ಬಡಿದಳು. ಯಜಮಾನರು ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು.

“ಏನಾಯ್ತು ದೊಡ್ಡಮ್ಮ?”

ದೊಡ್ಡಮ್ಮ ಅವಳ ಅಂಗಿಯ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. ಕೋಪಕ್ಕೆ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

“ಎಂಥಾ ಮಾತು, ಹಾಳು ಮಾಡಿಬಿಟ್ಟೆ ಕಣೇ! ನಗು ಮುಗಿಯೋವರೆಗೆ ಒಂದ್ಚೂರು ತಡೆದು ಹೇಳಬೇಕಿತ್ತು ನಾನು. ಇಷ್ಟೊಂದು ನಗ್ತಾರೆ ಅಂತ ನಂಗೆ ಯಾರೇ ಹೇಳಿದ್ರು?”