ಗುಬ್ಬಿಯ ಹನ್ನೆರಡು ವಾರ

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಪರದೇಶದ ಹುಡುಗಿಯೊಬ್ಬಳು ಇದ್ದಾಳೆ. ನನ್ನ ಮಗಳ ಸಹಪಾಠಿ. ಊಟಕ್ಕೆ ಕೂತರೆ ನಾಲ್ಕು ಕಾಳು ಹೆಕ್ಕಿ ಎದ್ದುಬಿಡುತ್ತಾಳೆಂದು ನಮ್ಮತ್ತೆ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದಾರೆ. ಇಬ್ಬರೂ ಕಲಿಯುತ್ತಿರುವುದು ಹಲ್ಲಿನ ಸೆಟ್ ಮಾಡುವ ಕೆಲಸ. ಕೊನೆಯ ವರ್ಷ ಹನ್ನೆರಡು ವಾರ ಯಾವುದಾದರೂ ಲ್ಯಾಬಿನಲ್ಲಿ ಕೂತು ಕಲಿಯಲೇಬೇಕು.

ನನ್ನ ಮಗಳಿಗೆ ಎರಡೇ ದಿನದಲ್ಲಿ ಜಾಗ ಸಿಕ್ಕಿತು. ಗುಬ್ಬಿಗೆ ಹನ್ನೊಂದು ಕಡೆ ಇಲ್ಲ ಎಂದರು. "ಹೊರದೇಶದವಳಾ? ಕಾಗದಪತ್ರದ ರಗಳೆ ಬೇಡಮ್ಮ." ಎಲ್ಲರದೂ ಒಂದೇ ರಾಗ. ಶುಕ್ರವಾರ ನಾಲ್ಕು ಗಂಟೆಯೊಳಗೆ ಒಂದು ಲ್ಯಾಬಿನ ಒಪ್ಪಿಗೆ ಕಾಲೇಜಿಗೆ ತಲುಪದಿದ್ದರೆ ಅವಳ ವೀಸಾ ಮುಂದುವರಿಯುವುದಿಲ್ಲ. ಓದು ಅರ್ಧಕ್ಕೇ ಬಿಟ್ಟು ಊರಿಗೆ ಹೊರಡಬೇಕು.

ಹನ್ನೆರಡನೆಯ ಲ್ಯಾಬಿನ ಯಜಮಾನರು ಮಾತ್ರ, "ಗುರುವಾರ ಬಂದು ಕೆಲಸ ತೋರಿಸಲಿ, ಆಮೇಲೆ ನೋಡೋಣ" ಎಂದಿದ್ದರು.

ಅವರು ಕೊಟ್ಟದ್ದು ಒಬ್ಬ ನಿವೃತ್ತ ಬಸ್ ಡ್ರೈವರನ ಮೇಲ್ದವಡೆಯ ಹಲ್ಲಿನ ಸೆಟ್. ಆ ಮನುಷ್ಯನ ಸ್ವಂತ ಹಲ್ಲುಗಳಲ್ಲಿ ಒಂದು ಓರೆಯಾಗಿ ಪಕ್ಕದ ಹಲ್ಲಿನ ಮೇಲೆ ಏರಿತ್ತಂತೆ. ಹೊಸದರಲ್ಲೂ ಹಾಗೇ ಇರಬೇಕು, ಇಲ್ಲದಿದ್ದರೆ ಹೆಂಡತಿ ಗುರುತು ಹಿಡಿಯುವುದಿಲ್ಲ ಎಂದು ಹಟ ಹಿಡಿದು, ಹಿಂದೆ ತಾನೇ ಫೋನಿನಲ್ಲಿ ತೆಗೆದುಕೊಂಡಿದ್ದ ತನ್ನ ಫೋಟೊ ಕೊಟ್ಟಿದ್ದ. ಗುಬ್ಬಿ ಅದನ್ನು ನೋಡಿಕೊಂಡು ಇಡೀ ದಿನ ಮೇಣದಲ್ಲಿ ಹಲ್ಲು ಜೋಡಿಸಿದಳು. "ಕೈ ಚೆನ್ನಾಗಿದೆ" ಎಂದರಂತೆ ಯಜಮಾನರು. ಒಪ್ಪಿಗೆ ಪತ್ರದ ಸುದ್ದಿ ಮಾತ್ರ ಎತ್ತಲಿಲ್ಲ.

ಅಂದು ಸಂಜೆ ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ. ಮಗಳು ಅಜ್ಜಿಯನ್ನು ಪಕ್ಕಕ್ಕೆಳೆದುಕೊಂಡು ಸೆಲ್ಫಿ ತೆಗೆದಳು. ಅತ್ತೆ ಫೋಟೊ ನೋಡಿ ಹುಬ್ಬು ಗಂಟಿಕ್ಕಿದರು.

"ನನ್ನ ಮಚ್ಚೆ ಈ ಕೆನ್ನೆ ಬಿಟ್ಟು ಆ ಕೆನ್ನೆಗೆ ಯಾವಾಗ ಹೋಯ್ತೇ?"

"ಸೆಲ್ಫಿ ಅಂದ್ರೆ ಕನ್ನಡಿ ಥರ ಅಜ್ಜಿ. ನನ್ನ ಫೋನು ಎಡ-ಬಲ ತಿರುಗಿಸೇ ಇಟ್ಕೊಳ್ಳುತ್ತೆ."

ನನ್ನ ಜೊತೆ ಟವೆಲ್ ಮಡಚುತ್ತಿದ್ದ ಗುಬ್ಬಿಯ ಕೈ ನಿಂತುಹೋಯಿತು.

"ಆಂಟಿ, ಆ ಫೋಟೊದಲ್ಲಿ ಡ್ರೈವರ್ ಶರ್ಟ್. ಜೇಬು ಬಲಗಡೆ ಇತ್ತು."

"ಜೇಬು ಯಾವತ್ತೂ ಎಡಗಡೆ ಅಲ್ವೇನೇ?" ಎಂದೆ. ಹೇಳುತ್ತಿದ್ದಂತೆ ನನಗೂ ಹೊಳೆಯಿತು. ಅದೂ ತಿರುಗಿದ ಫೋಟೊ. ಓರೆ ಹಲ್ಲು ತಪ್ಪು ಕಡೆ ಕೂತಿತ್ತು. ಬೆಳಗ್ಗೆ ಲ್ಯಾಬಿನವರು ಸೆಟ್ಟನ್ನು ಪ್ಲಾಸ್ಟರ್ ಅಚ್ಚಿನಲ್ಲಿ ಕೂರಿಸಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಗಟ್ಟಿಯಾಗುವ ಪ್ಲಾಸ್ಟಿಕ್ ವಸಡು ತುಂಬಿದರೆ ಮುಗಿಯಿತು, ಆಮೇಲೆ ಹಲ್ಲು ಅಲುಗಿಸುವಂತಿಲ್ಲ.

ಲ್ಯಾಬಿಗೆ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ. ಸುಳ್ಳೇಕೆ ಹೇಳಲಿ, 'ಮೊದಲು ಪತ್ರ ಕೈಗೆ ಬರಲಿ, ಆಮೇಲೆ ಹೇಳಿದರಾಯಿತು' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ, "ಪಾಪ, ಆ ಡ್ರೈವರ್ ಬಾಯಲ್ಲಿ ಇನ್ಯಾರದೋ ನಗು ಕೂರುತ್ತಲ್ಲೇ" ಎಂದರು. ಗುಬ್ಬಿ ತಲೆ ತಗ್ಗಿಸಿ, "ನಾನು ಹೇಳ್ತೀನಿ" ಎಂದಳು.

ಬೆಳಗ್ಗೆ ಒಲೆ ಆರಿಸಿ ನಾನೂ ಜೊತೆಗೆ ಹೊರಟೆ. ಒಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಲ್ಯಾಬಿನಲ್ಲಿ ಆಗಲೇ ಮೇಣ ಕರಗಿಸುವ ಪಾತ್ರೆಯ ನೀರು ಕುದಿಯಲು ಶುರುವಾಗಿತ್ತು. ಯಜಮಾನರು ಸೆಟ್ಟನ್ನು ಕೈಗೆತ್ತಿಕೊಂಡು ಪ್ಲಾಸ್ಟರ್ ಕಲಸುವ ಬಟ್ಟಲು ಹುಡುಕುತ್ತಿದ್ದರು.

"ಸಾರ್, ನಿಲ್ಲಿಸಿ! ತಪ್ಪು ನನ್ನದು" ಎಂದಳು ಗುಬ್ಬಿ. ಫೋಟೊದಲ್ಲಿದ್ದ ಡ್ರೈವರನ ಜೇಬು ತೋರಿಸಿದಳು.

ಅವರು ಕನ್ನಡಕ ಹಣೆಗೇರಿಸಿ ಫೋಟೊ ನೋಡಿದರು. ತಮ್ಮ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಮತ್ತೆ ಫೋಟೊ ನೋಡಿದರು.

"ಮೂವತ್ತು ವರ್ಷದಿಂದ ಬರೀ ಬಾಯಿ ನೋಡ್ಕೊಂಡು ಕೂತೆ ಕಣಮ್ಮ, ಜೇಬು ನೋಡ್ಲೇ ಇಲ್ಲ! ಆ ಮನುಷ್ಯ ಸುಮ್ನೆ ಬಿಡ್ತಿದ್ನಾ ನನ್ನ? ಕೂತ್ಕೋ, ಸರಿ ಮಾಡು."

ಗುಬ್ಬಿ ಸಣ್ಣ ಚಾಕುವನ್ನು ಉರಿಯಲ್ಲಿ ಬಿಸಿ ಮಾಡಿ ಮೇಣ ಸಡಿಲಿಸಿದಳು. ಓರೆ ಹಲ್ಲು ನೆಟ್ಟಗಾಯಿತು, ಇನ್ನೊಂದು ಕಡೆಯದು ಓರೆಯಾಯಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ.

"ಎಲ್ಲಿ, ಆ ಕಾಗದಪತ್ರದ ರಗಳೆ ಕೊಡು ನೋಡೋಣ" ಎಂದರು ಯಜಮಾನರು, ಯುದ್ಧಕ್ಕೆ ಹೊರಟವರ ಹಾಗೆ ಅಂಗಿಯ ತೋಳು ಮಡಚಿ.

ಗುಬ್ಬಿ ಒಂದು ಹಾಳೆ ಕೊಟ್ಟಳು. ಅವರು ತಿರುಗಿಸಿ ನೋಡಿದರು, ಹಿಂಬದಿ ಖಾಲಿ.

"ಮಿಕ್ಕಿದ್ದು?"

"ಮಿಕ್ಕಿದ್ದೆಲ್ಲ ಕಾಲೇಜಿನವರೇ ಮಾಡ್ತಾರೆ ಸಾರ್. ನೀವು ಇಲ್ಲಿ ಸಹಿ, ಅಷ್ಟೇ."

"ಇಷ್ಟೇನಾ? ಇಷ್ಟಕ್ಕೆ ಹೆದರಿ ನಾನು ಎಷ್ಟು ಮಕ್ಕಳನ್ನ ಬಾಗಿಲಿಂದಲೇ ವಾಪಸ್ ಕಳಿಸಿದೆ!" ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತ ಸಹಿ ಹಾಕಿದರು. "ಸೋಮವಾರ ಎಂಟಕ್ಕೆ ಬಾ. ಊಟದ ಡಬ್ಬಿ ತಾ, ಇಲ್ಲಿ ಕ್ಯಾಂಟೀನು ಗೀಂಟೀನು ಏನಿಲ್ಲ."

ಹನ್ನೊಂದು ಗಂಟೆಗೆ ಕಾಲೇಜಿನ ಕಚೇರಿಯಲ್ಲಿ ಹಾಳೆಯ ಮೇಲೆ ಮೊಹರು ಬಿತ್ತು. ಹೊರಗಿನ ಮೆಟ್ಟಿಲ ಮೇಲೆ ಕೂತು ಗುಬ್ಬಿ ತನ್ನ ತಾಯಿಗೆ ಫೋನ್ ಮಾಡಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆ ಕಡೆಯ ಹೆಂಗಸು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ಗುಬ್ಬಿ ಫೋನನ್ನು ನನ್ನ ಕೈಗಿಟ್ಟಳು.

ಆ ತಾಯಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ನಾನಾಗಿದ್ದರೆ ಏನು ಕೇಳುತ್ತಿದ್ದೆ ಎಂದು ಯೋಚಿಸಿ, ನನ್ನ ಭಾಷೆಯಲ್ಲೇ ಉತ್ತರ ಕೊಟ್ಟೆ: "ಇನ್ನೂ ಇಲ್ಲ ಕಣಮ್ಮ, ನಿನ್ನ ಮಗಳು ಬೆಳಗ್ಗೆಯಿಂದ ಏನೂ ತಿಂದಿಲ್ಲ. ಈಗ ಮನೆಗೆ ಹೋದ ತಕ್ಷಣ ಬಡಿಸ್ತೀನಿ."