ರಾಗಿಣಿಯ ಬ್ಯಾಗಿಗೆ ಕೈ ಹಾಕಿದವರು

ಶುಭಾ ವಿಜಯನಗರದ ಆಫೀಸಿನಲ್ಲಿ ಆಗಷ್ಟೇ ಕೆಲಸಕ್ಕೆ ಕೂತಿದ್ದಳು. ಮಗಳು ರಾಗಿಣಿ ಕೋಚ್ ಫೋನಿನಿಂದ ಕರೆ ಮಾಡಿದಳು.

"ಅಮ್ಮಾ, ಬ್ಯಾಗಲ್ಲಿ ನನ್ನ ಬೂಟ್ಸ್ ಇಲ್ಲ. ಶಿನ್ ಗಾರ್ಡೂ ಇಲ್ಲ. ಬರೀ ಹಳೇ ಪೇಪರ್ ತುರುಕಿದಾರೆ."

ಆ ಬ್ಯಾಗನ್ನು ಶುಭಾ ಅಂಗಡಿ ಅಂಗಡಿ ಅಲೆದು ಆರಿಸಿದ್ದಳು. ಮೇಲೆ ಪುಸ್ತಕ, ಕೆಳಗೆ ಬೇರೆ ಜಿಪ್ಪಿನೊಳಗೆ ಫುಟ್‌ಬಾಲ್ ಸಾಮಾನು. ಹಿಂದಿನ ಸಂಜೆ ರಾಗಿಣಿ ಎಲ್ಲವನ್ನೂ ತುಂಬಿಟ್ಟದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಇವತ್ತು ಕೆಂಗೇರಿಯ ಮೈದಾನದಲ್ಲಿ ಶಾಲೆಗಳ ನಡುವಿನ ಫೈನಲ್. ಮೊಣಕಾಲ ಕೆಳಗೆ ಪೆಟ್ಟಾಗದಂತೆ ಕಟ್ಟಿಕೊಳ್ಳುವ ಶಿನ್ ಗಾರ್ಡ್ ಇಲ್ಲದವರನ್ನು ಆಡಲು ಬಿಡುವುದಿಲ್ಲ.

ರಜೆ ಹೇಳಿ, ಆಟೋ ಹಿಡಿದು ಬಸವೇಶ್ವರನಗರದ ಮನೆಗೆ ಬಂದಳು. ಅತ್ತೆ ಅನಂತಲಕ್ಷ್ಮಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು.

"ರಾಗಿಣಿ ಬೂಟ್ಸ್ ಎಲ್ಲಿ ಅತ್ತೆ?"

"ಅಟ್ಟದ ಮೇಲಿದೆ." ಅವರು ತಲೆ ಎತ್ತಲಿಲ್ಲ. "ಹೋದ ತಿಂಗಳು ಮಂಡಿ ಒಡ್ಕೊಂಡು ಬಂದ್ಲು. ಬೆಳೆದ ಹುಡುಗಿ ಚಡ್ಡಿ ಹಾಕ್ಕೊಂಡು ಓಡ್ತಾಳೆ ಅಂತ ಕೆಳಗಿನ ಮನೆಯೋರೂ ಆಡ್ಕೋತಾರೆ. ಒಂದ್ಸಲ ಮ್ಯಾಚ್ ತಪ್ಪಿದ್ರೆ ತಾನೇ ಬಿಡ್ತಾಳೆ ಅಂದ್ಕೊಂಡೆ."

"ಪೇಪರ್ ಯಾಕೆ ತುರುಕಿದ್ರಿ?"

"ಹಗುರ ಆದ್ರೆ ಗೊತ್ತಾಗುತ್ತಲ್ಲ." ಆಮೇಲೆ ಮೆತ್ತಗೆ ಸೇರಿಸಿದರು, "ನಾನೊಬ್ಳೇ ಅಲ್ಲ. ಶ್ರೀರಾಮಂಗೂ ಹೇಳಿದ್ದೆ."

ಶುಭಾಳ ಕಿವಿಯೆಲ್ಲ ಬಿಸಿಯಾಯಿತು. ಸ್ಟೂಲ್ ಹತ್ತಿ ಬೂಟು, ಶಿನ್ ಗಾರ್ಡುಗಳನ್ನು ಎಳೆದುಕೊಂಡು ಹೊರಟಳು. ಇನ್ನೊಂದು ಮಾತಾಡಿದ್ದರೆ ಏನು ಬರುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ. ಮೆಟ್ರೋ ಪ್ಲಾಟ್‌ಫಾರ್ಮಿನಿಂದ ಗಂಡ ಶ್ರೀರಾಮನಿಗೆ ಫೋನ್ ಮಾಡಿದಳು.

"ನಿಮಗೆ ಗೊತ್ತಿತ್ತಾ?"

"ಅಮ್ಮ ಹೇಳಿದ್ರು, ಹೂಂ ಅಂದೆ ಅಷ್ಟೇ. ನಾನು ಮುಟ್ಟಿಲ್ಲ ಕಣೇ. ಒಂದು ಮ್ಯಾಚ್ ತಾನೆ?"

"ಬೆಳಿಗ್ಗೆ ಅವಳ ಹೆಗಲಿಗೆ ಬ್ಯಾಗ್ ಹಾಕಿದ್ದು ನೀವು. ಆಲ್ ದಿ ಬೆಸ್ಟ್ ಬೇರೆ ಅಂದ್ರಿ."

ಅವನ ಮಾತಿಗೆ ಕಾಯದೆ ಫೋನ್ ಕಟ್ ಮಾಡಿ ರೈಲು ಹತ್ತಿದಳು.

ಶುಭಾ ಮೈದಾನ ತಲುಪುವಷ್ಟರಲ್ಲಿ ಆಟ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ರಾಗಿಣಿ ಬೆಂಚಿನ ಮೇಲೆ ಹಲ್ಲು ಕಚ್ಚಿ ಕೂತಿದ್ದಳು. ಅಮ್ಮನ ಕೈಯಿಂದ ಬೂಟು, ಶಿನ್ ಗಾರ್ಡು ಕಸಿದು ಹಾಕಿಕೊಂಡು ಒಳಗೆ ನುಗ್ಗಿದಳು. ಎದುರಾಳಿಗಳ ನಡುವೆ ನುಸುಳಿ ಒಂದು ಗೋಲೂ ಹೊಡೆದಳು. ಅದು ಸಾಲಲಿಲ್ಲ. ಅವರ ತಂಡ ಸೋತಿತು.

"ಅಜ್ಜಿ ತಾನೆ?" ಬೆವರು ಒರೆಸದೆ ಕೇಳಿದಳು ರಾಗಿಣಿ.

"ಹೌದು."

"ಅಪ್ಪಂಗೆ ಗೊತ್ತಿತ್ತಾ?"

ಇಲ್ಲ ಅಂದುಬಿಡುವುದು ಸುಲಭವಿತ್ತು. ಮನೆಯ ಮರ್ಯಾದೆ ಅಂತ ಶುಭಾ ಎಷ್ಟೋ ಸಲ ಹಾಗೆ ಗಂಡನನ್ನು ಬಚಾವು ಮಾಡಿದ್ದಳು. ಇವತ್ತು ಆಗಲಿಲ್ಲ.

"ಗೊತ್ತಿತ್ತು ಪುಟ್ಟಿ."

ಮನೆಗೆ ಬಂದಾಗ ಶ್ರೀರಾಮ್ ಮಗಳಿಗೆ ಇಷ್ಟವಾದ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದು ಕಾಯುತ್ತಿದ್ದ. ರಾಗಿಣಿ ಪೊಟ್ಟಣದ ಕಡೆ ನೋಡಲಿಲ್ಲ.

"ಗೊತ್ತಿದ್ದೂ ಯಾಕಪ್ಪಾ ಸುಮ್ನಿದ್ದೆ?"

ಅವನು ರೂಢಿಯಂತೆ ಹೆಂಡತಿಯ ಮುಖ ನೋಡಿದ. ಶುಭಾ ಕುರ್ಚಿ ಎಳೆದು ಕೂತಳು. ಅವಳಿಗೂ ಉತ್ತರ ಬೇಕಿತ್ತು.

"ತಪ್ಪಾಯ್ತು ಪುಟ್ಟಿ," ಅಂದ ಕೊನೆಗೆ.

"ಹಾಗಾದ್ರೆ ಅಜ್ಜಿಗೆ ಹೇಳು. ನನ್ನ ಬ್ಯಾಗ್ ಮುಟ್ಟಬಾರದು ಅಂತ. ನನ್ನ ಎದುರಿಗೇ ಹೇಳು."

ಶ್ರೀರಾಮ್ ಅಡುಗೆಮನೆ ಬಾಗಿಲಲ್ಲಿ ನಿಂತು ತಡವರಿಸುತ್ತಲೇ ಹೇಳಿದ. ಒಳಗೆ ಅನಂತಲಕ್ಷ್ಮಿ ಪಾತ್ರೆಯೊಂದನ್ನು ಜೋರಾಗಿ ಕುಕ್ಕಿದ ಸದ್ದಾಯಿತು. ಶುಭಾಳ ಸಿಟ್ಟು ಇಳಿಯಲಿಲ್ಲ. ಇಳಿಸಿಕೊಳ್ಳುವ ಆತುರವೂ ಅವಳಿಗಿರಲಿಲ್ಲ.